ಮುದ್ರಣಾಲಯ ಮರಳಿಸಿದ ಪಿಡಿಎಫ್: ಒಂದು ಸಸ್ಯ ಕೈಪಿಡಿಯನ್ನು ಅಚ್ಚಿಗೆ ಅಣಿಗೊಳಿಸಿದ ಬಗೆ

ಕಾಡುಸಸ್ಯಗಳನ್ನು ಗುರುತಿಸಲು ನೆರವಾಗುವ 192 ಪುಟಗಳ ಕನ್ನಡ ಕೈಪಿಡಿಯೊಂದರ ಪಿಡಿಎಫ್ ಅನ್ನು ಮುದ್ರಣಾಲಯ ಪರಿಶೀಲಿಸಿ ಹಿಂದಕ್ಕೆ ಕಳುಹಿಸಿತ್ತು. ಪುಸ್ತಕದ ಅಳತೆ 140 ಮಿ.ಮೀ. ಅಗಲ, 210 ಮಿ.ಮೀ. ಎತ್ತರ. ಒಳಗೆ ಬಣ್ಣದ ಛಾಯಾಚಿತ್ರಗಳು, ಎಲೆ ಮತ್ತು ಹೂವಿನ ಭಾಗಗಳನ್ನು ತೋರಿಸುವ ಕೈಯಿಂದ ಬರೆದ ರೇಖಾಚಿತ್ರಗಳು, ಸಸ್ಯಗಳ ಹರಡುವಿಕೆಯ ನಕ್ಷೆಗಳು. ಲೇಖಕರು ಸಸ್ಯಶಾಸ್ತ್ರವನ್ನು ಆಳವಾಗಿ ಬಲ್ಲವರು. ಪುಟಗಳನ್ನೂ ತಾವೇ ವರ್ಡ್ ಪ್ರೊಸೆಸರ್‌ನಲ್ಲಿ ಜೋಡಿಸಿದ್ದರು. ಪರದೆಯ ಮೇಲೆ ನೋಡಿದರೆ ಆ ಪುಟಗಳಲ್ಲಿ ಕುಂದು ಹುಡುಕುವುದೇ ಕಷ್ಟವಾಗಿತ್ತು.

ಮುದ್ರಣಾಲಯದ ತಪಾಸಣಾ ವರದಿ ಮಾತ್ರ ಉದ್ದವಾಗಿತ್ತು. ಹೆಚ್ಚಿನ ಚಿತ್ರಗಳು ಆರ್‌ಜಿಬಿ ಬಣ್ಣದಲ್ಲಿವೆ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣದಲ್ಲಿ. ಕೆಲವು ಚಿತ್ರಗಳಿಗೆ ಸಾಕಷ್ಟು ಪಿಕ್ಸೆಲ್‌ಗಳಿಲ್ಲ. ಅಂಚಿನವರೆಗೆ ಹೋಗುವ ಚಿತ್ರಗಳಿಗೆ ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೆ ಚಾಚುವ ಹೆಚ್ಚುವರಿ ಅಂಚು, ಬಿಟ್ಟಿಲ್ಲ. ಒಂದು ಫಾಂಟ್ ಫೈಲಿನೊಳಗೆ ಅಡಕವಾಗಿಲ್ಲ. ಅಕ್ಷರಗಳ ಕಪ್ಪು ನಾಲ್ಕು ಬಣ್ಣಗಳಿಂದ ಕೂಡಿದೆ. ಕೆಲವು ಪುಟಗಳಲ್ಲಿ ಮಸಿಯ ಒಟ್ಟು ಪ್ರಮಾಣ ಮಿತಿ ಮೀರಿದೆ. ಲೇಖಕರು ಈ ವರದಿಯನ್ನು ನನಗೆ ಕಳುಹಿಸಿ, ಇರುವ ಪಿಡಿಎಫ್ ಅನ್ನೇ ಸರಿಪಡಿಸಿ ಕೊಡಲು ಸಾಧ್ಯವೇ ಎಂದು ಕೇಳಿದರು.

ಸಾಧ್ಯವಿರಲಿಲ್ಲ. ಪಿಡಿಎಫ್ ತಿದ್ದುವ ತಂತ್ರಾಂಶಗಳು ಬಣ್ಣವನ್ನು ಪರಿವರ್ತಿಸಬಲ್ಲವು, ಪುಟದ ಅಳತೆಯನ್ನು ಹಿಗ್ಗಿಸಬಲ್ಲವು. ಆದರೆ ಚಿತ್ರದಲ್ಲಿ ಇಲ್ಲದ ವಿವರವನ್ನು ಅವು ತಂದುಕೊಡಲಾರವು, ಕತ್ತರಿಸಿ ಬಿಸಾಡಿದ ಅಂಚನ್ನು ಮರಳಿ ಹುಟ್ಟಿಸಲಾರವು. ವರದಿಯಲ್ಲಿದ್ದ ದೋಷಗಳಲ್ಲಿ ಬಹುಪಾಲು ಪಿಡಿಎಫ್ ಆಗುವ ಮೊದಲೇ ಮೂಲದಲ್ಲಿ ಸೇರಿಕೊಂಡಿದ್ದವು. ಆದ್ದರಿಂದ ಪುಟಗಳನ್ನು ಪುಟವಿನ್ಯಾಸದ ತಂತ್ರಾಂಶದಲ್ಲಿ ಹೊಸದಾಗಿ ಜೋಡಿಸುವುದೆಂದು ತೀರ್ಮಾನವಾಯಿತು.

ಮೊದಲ ಪ್ರಶ್ನೆ ಕಾಗದದ್ದು

ಒಂದು ಪುಟವನ್ನೂ ಜೋಡಿಸುವ ಮೊದಲು ಮುದ್ರಣಾಲಯಕ್ಕೆ ಕೆಲವು ಪ್ರಶ್ನೆಗಳನ್ನು ಬರೆದು ಕಳುಹಿಸಿದೆವು. ಒಳಪುಟಕ್ಕೆ ಯಾವ ಕಾಗದ, ಅದರ ಒಂದು ಹಾಳೆಯ ದಪ್ಪ ಎಷ್ಟು, ಬಣ್ಣದ ಯಾವ ಪ್ರೊಫೈಲ್ (ಆ ಕಾಗದದ ಮೇಲೆ ಮಸಿ ಹೇಗೆ ಕಾಣುತ್ತದೆಂಬ ವಿವರದ ಫೈಲ್) ಬಳಸಬೇಕು, ಮಸಿಯ ಗರಿಷ್ಠ ಮಿತಿ ಎಷ್ಟು, ಪಿಡಿಎಫ್‌ನ ಯಾವ ಮಾದರಿ ಬೇಕು, ಬೈಂಡಿಂಗ್ ಹೇಗೆ. ಮುದ್ರಣಕ್ಕೆ ಪಿಡಿಎಫ್ ಸಿದ್ಧಪಡಿಸುವುದೆಂದರೆ ಒಂದು ನಿರ್ದಿಷ್ಟ ಕಾಗದಕ್ಕೆ, ಒಂದು ನಿರ್ದಿಷ್ಟ ಯಂತ್ರಕ್ಕೆ ಸಿದ್ಧಪಡಿಸುವುದು. ಎಲ್ಲ ಕಾಗದಕ್ಕೂ ಹೊಂದುವ ಉತ್ತಮ ಗುಣಮಟ್ಟದ ಪಿಡಿಎಫ್ ಎಂಬುದು ಇಲ್ಲ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಹೆಚ್ಚಿನವರು ಈ ಪ್ರಶ್ನೆಗಳನ್ನು ಕೊನೆಗೆ, ಅಂದರೆ ಎಕ್ಸ್‌ಪೋರ್ಟ್ ಗುಂಡಿ ಒತ್ತುವಾಗ, ಕೇಳಿಕೊಳ್ಳುತ್ತಾರೆ.

ಉತ್ತರ ಸ್ಪಷ್ಟವಾಗಿ ಬಂತು. ಒಳಪುಟಗಳಿಗೆ ಲೇಪನವಿಲ್ಲದ ಕಾಗದ, ಹಾಳೆಯ ದಪ್ಪ 125 ಮೈಕ್ರಾನ್. ಮುಖಪುಟಕ್ಕೆ ಲೇಪನವಿರುವ ದಪ್ಪ ಹಾಳೆ, ಅದರ ಮೇಲೆ ಮ್ಯಾಟ್ ಲ್ಯಾಮಿನೇಷನ್, ಶೀರ್ಷಿಕೆಗೆ ಮಾತ್ರ ಹೊಳಪಿನ ಯುವಿ ವಾರ್ನಿಷ್. ಒಳಪುಟಕ್ಕೆ ಫೋಗ್ರಾ 52, ಮುಖಪುಟಕ್ಕೆ ಫೋಗ್ರಾ 51 ಎಂಬ ಮುದ್ರಣ ಅಳತೆಗಳ ದತ್ತಾಂಶವನ್ನು ಆಧರಿಸಿದ ಪ್ರೊಫೈಲ್. ಒಳಪುಟದಲ್ಲಿ ಒಂದೇ ಜಾಗದಲ್ಲಿ ಬೀಳುವ ನಾಲ್ಕು ಮಸಿಗಳ ಮೊತ್ತ ಶೇಕಡಾ 280 ಮೀರಬಾರದು. ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-4 ಮಾದರಿ ಸ್ವೀಕಾರಾರ್ಹ. 16 ಪುಟಗಳ 12 ಫಾರಂಗಳು (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಂತೆಗಳು), ಅಂಟಿನ ಬೈಂಡಿಂಗ್.

ಲೇಖಕರಿಗೆ ಲೇಪನವಿರುವ ಆರ್ಟ್ ಪೇಪರ್ ಬಳಸಬೇಕೆಂಬ ಆಸೆ ಒಳಗೊಳಗೇ ಇತ್ತು, ಬಣ್ಣ ಅದರಲ್ಲಿ ಹೊಳೆಯುತ್ತದೆ ಎಂಬ ಕಾರಣಕ್ಕೆ. ಲೇಪನವಿಲ್ಲದ ಕಾಗದ ಮಸಿಯನ್ನು ಹೀರುತ್ತದೆ, ಅಚ್ಚಿನ ಚುಕ್ಕೆ ಹರಡಿ ದೊಡ್ಡದಾಗುತ್ತದೆ, ಕಪ್ಪು ಆಳವಾಗುವುದಿಲ್ಲ. ಇವೆಲ್ಲ ನಿಜ. ಆದರೆ ಕಾಡಿನಲ್ಲಿ ಈ ಪುಸ್ತಕ ಹಿಡಿದು ನಡೆಯುವವರು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಟಿಪ್ಪಣಿ ಬರೆದುಕೊಳ್ಳಬೇಕು, ಬಿಸಿಲಿನಲ್ಲಿ ಪುಟ ಕಣ್ಣಿಗೆ ಕೋರೈಸಬಾರದು. ಲೇಪನವಿಲ್ಲದ ಕಾಗದವೇ ಉಳಿಯಲಿ ಎಂದು ನಾನು ವಾದಿಸಿದೆ. ಲೇಖಕರು ಒಪ್ಪಿದರು. ಮುಂದಿನ ಬಹುತೇಕ ಕೆಲಸ ಈ ಒಂದು ನಿರ್ಧಾರವನ್ನೇ ಹಿಂಬಾಲಿಸಿತು.

ಅಕ್ಷರಗಳು

ಮೂಲ ಪಠ್ಯ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ) ಪೂರ್ವದ ಫಾಂಟ್‌ನಲ್ಲಿತ್ತು. ಇಂಥ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಕೂರಿಸಿರುತ್ತಾರೆ. ಫಾಂಟ್ ಪಿಡಿಎಫ್‌ನೊಳಗೆ ಅಡಕವಾಗಿದ್ದರೆ ಮುದ್ರಣಕ್ಕೆ ಅದರಿಂದ ತೊಂದರೆಯಿಲ್ಲ. ಇಲ್ಲಿ ಮುಖ್ಯ ಪಠ್ಯದ ಫಾಂಟ್ ಅಡಕವಾಗಿತ್ತು, ಅಧ್ಯಾಯದ ಶೀರ್ಷಿಕೆಗಳ ಫಾಂಟ್ ಆಗಿರಲಿಲ್ಲ. ಅದರ ತಯಾರಕರು ಫಾಂಟ್‌ನೊಳಗೇ ಅಡಕಗೊಳಿಸಲು ಅನುಮತಿಯಿಲ್ಲ ಎಂಬ ಗುರುತು ಹಾಕಿದ್ದರು. ಲೇಖಕರ ಗಣಕದಲ್ಲಿ ಆ ಫಾಂಟ್ ಇದ್ದುದರಿಂದ ಅವರ ಪರದೆಯಲ್ಲಿ ಶೀರ್ಷಿಕೆಗಳು ಸರಿಯಾಗಿ ಕಂಡವು. ಮುದ್ರಣಾಲಯದ ಯಂತ್ರ ಬದಲಿ ಫಾಂಟ್ ಹಾಕಿಕೊಂಡಿತು, ಎಲ್ಲ ಶೀರ್ಷಿಕೆಗಳೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳಾದವು.

ಯೂನಿಕೋಡ್‌ಗೆ ಬದಲಾಯಿಸುವುದೇ ಒಳ್ಳೆಯದೆಂದು ನಾವು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಪುಸ್ತಕದ ಕೊನೆಯಲ್ಲಿ ದೊಡ್ಡ ಪದಸೂಚಿ ಬೇಕಿತ್ತು, ಅಕಾರಾದಿಯಾಗಿ ಜೋಡಿಸಲು ಯೂನಿಕೋಡ್ ಪಠ್ಯವೇ ಅನುಕೂಲ. ಪರಿವರ್ತಕದಿಂದ ಹೊರಬಂದ ಪಠ್ಯದಲ್ಲಿ ಕನ್ನಡ ಬಹುಮಟ್ಟಿಗೆ ಸರಿಯಾಗಿತ್ತು. ಅರ್ಕಾವತ್ತು ಇರುವ ಕಡೆ, ಎರಡು ಒತ್ತಕ್ಷರಗಳು ಸೇರುವ ಕಡೆ ಮಾತ್ರ ಕಣ್ಣಿಟ್ಟು ನೋಡಬೇಕಾಯಿತು. ನಿಜವಾದ ಕಷ್ಟ ಸಸ್ಯಗಳ ಲ್ಯಾಟಿನ್ ಹೆಸರುಗಳದ್ದು. ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇದ್ದುದರಿಂದ ಪರಿವರ್ತಕ ಅವನ್ನೂ ಕನ್ನಡದ ಸಂಕೇತಗಳೆಂದು ತಿಳಿದು ಕಲಸಿಹಾಕಿತು. ಸಸ್ಯ ಕೈಪಿಡಿಯಲ್ಲಿ ಲ್ಯಾಟಿನ್ ಹೆಸರು ತಪ್ಪಿದರೆ ಉಳಿದುದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಮೂಲದಲ್ಲಿ ಆ ಹೆಸರುಗಳು ಬೇರೆ ಫಾಂಟ್‌ನಲ್ಲಿ, ಓರೆ ಅಕ್ಷರದಲ್ಲಿ ಇದ್ದುದು ನಮ್ಮ ಅದೃಷ್ಟ. ಆ ಗುರುತನ್ನೇ ಹಿಡಿದು ಅವನ್ನು ಮೊದಲು ಬೇರ್ಪಡಿಸಿ, ಕನ್ನಡ ಭಾಗವನ್ನು ಮಾತ್ರ ಪರಿವರ್ತಿಸಿ, ನಂತರ ಸ್ವಸ್ಥಾನಕ್ಕೆ ಸೇರಿಸಿದೆವು. ಲೇಖಕರು ಪ್ರತಿಯೊಂದು ಹೆಸರನ್ನೂ ಮತ್ತೆ ಓದಿದರು.

ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಕನ್ನಡ ಹಾಕುವವರು ಒಂದು ಅಂಶವನ್ನು ಮೊದಲೇ ನೋಡಿಕೊಳ್ಳಬೇಕು. ಪ್ಯಾರಾಗ್ರಾಫ್ ಶೈಲಿಯಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ದಪ್ಪ ಅಕ್ಷರಕ್ಕೂ ಫಾಂಟ್ ಕುಟುಂಬದಲ್ಲಿ ನಿಜವಾದ ದಪ್ಪ ರೂಪ ಇರಬೇಕು. ವರ್ಡ್ ಪ್ರೊಸೆಸರ್‌ಗಳು ಅಂಥ ರೂಪ ಇಲ್ಲದಿದ್ದಾಗ ಗೆರೆಯನ್ನು ಸುಮ್ಮನೆ ಉಬ್ಬಿಸುತ್ತವೆ. ಕನ್ನಡದ ದುಂಡು ಅಕ್ಷರಗಳ ಒಳಗಿನ ಚಿಕ್ಕ ಬಿಳಿಯ ಜಾಗ, ಒತ್ತಕ್ಷರದ ಸಣ್ಣ ಸುರುಳಿ ಆಗ ಮುಚ್ಚಿಹೋಗುತ್ತದೆ. ಮಸಿ ಹೀರುವ ಕಾಗದದ ಮೇಲೆ ಅದು ಇನ್ನೂ ಕೆಡುತ್ತದೆ.

ಇನ್ನು ಅಕ್ಷರಗಳ ಕಪ್ಪು. ಈ ಪ್ರಕರಣದಲ್ಲಿ ಓದುಗರಿಗೆ ನೇರವಾಗಿ ತಟ್ಟುತ್ತಿದ್ದ ದೋಷ ಇದೇ. ವರ್ಡ್ ಪ್ರೊಸೆಸರ್ ಅಕ್ಷರಗಳನ್ನು ಆರ್‌ಜಿಬಿಯ ಕಪ್ಪಿನಲ್ಲಿ, ಅಂದರೆ ಮೂರೂ ಬೆಳಕು ಸೊನ್ನೆಯಾಗಿರುವ ಬಣ್ಣದಲ್ಲಿ ಬರೆಯುತ್ತದೆ. ಅದನ್ನು ಮುದ್ರಣದ ಬಣ್ಣಗಳಿಗೆ ಪರಿವರ್ತಿಸಿದಾಗ ನಾಲ್ಕೂ ಮಸಿಗಳಿಗೆ ಹಂಚಿಕೆಯಾಗುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಪರಿವರ್ತನೆಯಲ್ಲಿ ಸಯಾನ್ ಶೇಕಡಾ 75, ಮೆಜೆಂಟಾ 68, ಹಳದಿ 67, ಕಪ್ಪು 90 ಬರುತ್ತದೆ, ಒಟ್ಟು 300. ಒಂದು ಸಣ್ಣ ಅಕ್ಷರವನ್ನು ಮಸಿಗೊಂದರಂತೆ ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಅಚ್ಚು ಹಾಕಬೇಕು. ಕಾಗದ ಯಂತ್ರದಲ್ಲಿ ಓಡುವಾಗ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಅಂಟಿಕೊಳ್ಳುತ್ತದೆ. ಓದುಗರಿಗೆ ಕಾರಣ ತಿಳಿಯುವುದಿಲ್ಲ, ಕಣ್ಣು ದಣಿಯುವುದು ಮಾತ್ರ ತಿಳಿಯುತ್ತದೆ. ಹೊಸ ಜೋಡಣೆಯಲ್ಲಿ ಎಲ್ಲ ಪಠ್ಯಕ್ಕೂ ಶೇಕಡಾ 100 ಕಪ್ಪು ಮಸಿ ಮಾತ್ರ ಕೊಟ್ಟು, ಓವರ್‌ಪ್ರಿಂಟ್, ಅಂದರೆ ಕೆಳಗಿನ ಬಣ್ಣವನ್ನು ಕೊರೆಯದೆ ಅದರ ಮೇಲೆಯೇ ಅಚ್ಚು ಹಾಕುವ ಸೂಚನೆ, ಇಟ್ಟೆವು. ಹಾಗೆ ಮಾಡಿದರೆ ಬಣ್ಣದ ಹಿನ್ನೆಲೆಯ ಮೇಲಿನ ಅಕ್ಷರಗಳ ಸುತ್ತ ಬಿಳಿಯ ಬಿರುಕು ಕಾಣಿಸಿಕೊಳ್ಳುವುದಿಲ್ಲ.

ಛಾಯಾಚಿತ್ರಗಳು

ಚಿತ್ರದ ಗುಣಮಟ್ಟದ ಬಗ್ಗೆ ಲೇಖಕರಲ್ಲಿದ್ದ ನಂಬಿಕೆ ಬಹಳ ಮಂದಿಯಲ್ಲಿದೆ: ಫೈಲಿನ ಗುಣಲಕ್ಷಣಗಳಲ್ಲಿ ಅಂಗುಲಕ್ಕೆ 300 ಪಿಕ್ಸೆಲ್ ಎಂದು ಬರೆದಿದ್ದರೆ ಸಾಕು. ಆ ಸಂಖ್ಯೆ ಬರೀ ಹಣೆಪಟ್ಟಿ. ಲೆಕ್ಕಕ್ಕೆ ಬರುವುದು ಪಿಕ್ಸೆಲ್‌ಗಳ ಸಂಖ್ಯೆ ಮತ್ತು ಪುಟದ ಮೇಲೆ ಆ ಚಿತ್ರ ಆವರಿಸುವ ಅಳತೆ. ಪೂರ್ಣ ಪುಟದ ಚಿತ್ರವೊಂದು ಮೇಲೆ ಕೆಳಗೆ ಬ್ಲೀಡ್ ಸೇರಿ 216 ಮಿ.ಮೀ. ಎತ್ತರ, ಅಂದರೆ ಸುಮಾರು ಎಂಟೂವರೆ ಅಂಗುಲ ಬೇಕು. 1600 ಪಿಕ್ಸೆಲ್ ಎತ್ತರದ ಚಿತ್ರವನ್ನು ಅಲ್ಲಿಗೆ ಹಿಗ್ಗಿಸಿದರೆ ಅಂಗುಲಕ್ಕೆ 188 ಪಿಕ್ಸೆಲ್ ಮಾತ್ರ ದಕ್ಕುತ್ತದೆ. ಅದೇ ಚಿತ್ರದ ಮೂಲದಲ್ಲಿ 4000 ಪಿಕ್ಸೆಲ್ ಎತ್ತರವಿದ್ದರೆ 470 ಸಿಗುತ್ತದೆ. ಈ ಮುದ್ರಣಾಲಯ ಅಂಗುಲಕ್ಕೆ ಅಚ್ಚಿನ ಚುಕ್ಕೆಗಳ 150 ಸಾಲುಗಳಿರುವ ಸ್ಕ್ರೀನ್ ಬಳಸುತ್ತಿತ್ತು. ಅದರ ಎರಡರಷ್ಟು, ಅಂದರೆ 300 ಇದ್ದರೆ ನಿಶ್ಚಿಂತೆ. ಒಂದೂವರೆಯಷ್ಟು, ಅಂದರೆ 225ರವರೆಗೆ ಮೃದುವಾದ ಚಿತ್ರಗಳಲ್ಲಿ ಒಪ್ಪಿಕೊಳ್ಳಬಹುದು. ಎಲೆಯ ನರಗಳು, ಕಾಂಡದ ರೋಮಗಳು ಕಾಣಬೇಕಾದ ಚಿತ್ರದಲ್ಲಿ ನಾನು ಆ ರಿಯಾಯಿತಿ ಕೊಡುವುದಿಲ್ಲ.

ಕಡಿಮೆ ಪಿಕ್ಸೆಲ್‌ಗಳ ಚಿತ್ರಗಳಲ್ಲಿ ಹೆಚ್ಚಿನವು ಮೊಬೈಲ್ ಸಂದೇಶಗಳ ಮೂಲಕ ಸ್ನೇಹಿತರಿಂದ ಬಂದವು. ಸಂದೇಶದ ಆ್ಯಪ್‌ಗಳು ದಾರಿಯಲ್ಲೇ ಚಿತ್ರವನ್ನು ಕುಗ್ಗಿಸುತ್ತವೆ. ಮೂಲ ಫೈಲ್‌ಗಳು ಅವರವರ ಕ್ಯಾಮರಾಗಳಲ್ಲಿ, ಫೋನ್‌ಗಳಲ್ಲಿ ಇನ್ನೂ ಇದ್ದವು. ಲೇಖಕರು ಒಬ್ಬೊಬ್ಬರಿಗೂ ಕರೆ ಮಾಡಿ, ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ ಎಂದು ಕೇಳಿ ತರಿಸಿಕೊಂಡರು. ಎಷ್ಟೇ ಚುರುಕಾದ ತಂತ್ರಾಂಶದಿಂದ ಹಿಗ್ಗಿಸಿದರೂ ಸಿಗದ ವಿವರ ಆ ಕರೆಗಳಿಂದ ಸಿಕ್ಕಿತು. ಒಂದು ಅಪರೂಪದ ಗಿಡದ ಚಿತ್ರಕ್ಕೆ ಮೂಲವೇ ಉಳಿದಿರಲಿಲ್ಲ. ಅದನ್ನು ಕಾಲು ಪುಟಕ್ಕೆ ಇಳಿಸಿದೆವು. ಚಿಕ್ಕದಾಗಿ ಸ್ಪಷ್ಟವಾಗಿರುವ ಚಿತ್ರ, ದೊಡ್ಡದಾಗಿ ಮಸುಕಾಗಿರುವ ಚಿತ್ರಕ್ಕಿಂತ ಓದುಗರಿಗೆ ಹೆಚ್ಚು ಕೊಡುತ್ತದೆ.

ಬಣ್ಣದ ವಿಷಯ ಇಷ್ಟು ಸರಳವಾಗಿರಲಿಲ್ಲ. ಪರದೆ ಬೆಳಕನ್ನು ಹೊಮ್ಮಿಸುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಮಾತ್ರ ಮರಳಿಸುತ್ತದೆ. ಚಿಗುರೆಲೆಯ ಹೊಳೆಯುವ ಹಸಿರು, ಕಡು ನೀಲಿ, ನೇರಳೆ ಹೂಗಳು ಮುದ್ರಣದ ಬಣ್ಣಗಳ ಎಲ್ಲೆಯಿಂದ ಆಚೆಗೇ ಉಳಿಯುತ್ತವೆ. ಪರದೆಯ ಶುದ್ಧ ನೀಲಿ ಅಚ್ಚಿನಲ್ಲಿ ನೇರಳೆಯತ್ತ ವಾಲುವುದು ಎಲ್ಲರೂ ಕಂಡ ಸಂಗತಿ. ಬೇರೆ ಪುಸ್ತಕದಲ್ಲಿ ಇದು ಅಂದಚೆಂದದ ಪ್ರಶ್ನೆ; ಇಲ್ಲಿ ಹೂವಿನ ಬಣ್ಣ ನೋಡಿ ಗಿಡವನ್ನು ಗುರುತಿಸಬೇಕು. ಆದ್ದರಿಂದ ಎಲ್ಲ ಚಿತ್ರಗಳನ್ನೂ ಮುದ್ರಣಾಲಯದ ಪ್ರೊಫೈಲ್ ಹಾಕಿ, ಕಾಗದದ ಬಿಳುಪನ್ನೂ ಅನುಕರಿಸುವ ಸಾಫ್ಟ್ ಪ್ರೂಫ್‌ನಲ್ಲಿ, ಅಂದರೆ ಅಚ್ಚಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ಕರಡಿನಲ್ಲಿ, ನೋಡಿದೆವು. ಮೊದಲ ನೋಟಕ್ಕೆ ಎಲ್ಲವೂ ಬಾಡಿದಂತೆ ಕಂಡು ಲೇಖಕರು ನೊಂದುಕೊಂಡರು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಪಕ್ಕದಲ್ಲಿ ಹೊಳೆಯುವ ಮೂಲ ಚಿತ್ರ ಇಟ್ಟುಕೊಂಡು ಹೋಲಿಸಬಾರದು. ಹೆಚ್ಚಿನ ಚಿತ್ರಗಳಿಗೆ, ಎಲ್ಲೆಯೊಳಗಿನ ಬಣ್ಣಗಳನ್ನು ಉಳಿಸಿ ಆಚೆಯವನ್ನು ಮಾತ್ರ ಎಲ್ಲೆಗೆ ತರುವ ರಿಲೇಟಿವ್ ಕಲರಿಮೆಟ್ರಿಕ್ ವಿಧಾನ ಮತ್ತು ಕಪ್ಪುಬಿಂದುವಿನ ಹೊಂದಾಣಿಕೆ ಸರಿಹೋಯಿತು. ಕಡು ಬಣ್ಣದ ಹೂಗಳಲ್ಲಿ ದಳದ ಮಡಿಕೆಗಳೆಲ್ಲ ಒಂದೇ ಬಣ್ಣಕ್ಕೆ ಸಮತಟ್ಟಾದಾಗ ಪರ್ಸೆಪ್ಚುವಲ್ ವಿಧಾನ ಬಳಸಿದೆವು, ಅದು ಬಣ್ಣವನ್ನು ಒಟ್ಟಾರೆಯಾಗಿ ತಗ್ಗಿಸಿದರೂ ನೆರಳು ಬೆಳಕಿನ ಮೆಟ್ಟಿಲುಗಳನ್ನು ಉಳಿಸುತ್ತದೆ. ಯಾವ ವಿಧಾನಕ್ಕೂ ಜಗ್ಗದ ಹೂಗಳ ವಿವರಣೆಯಲ್ಲಿ ಬಣ್ಣವನ್ನು ಮಾತಿನಲ್ಲೂ ಬರೆಯುವಂತೆ ಲೇಖಕರನ್ನು ಕೇಳಿಕೊಂಡೆ. ಅದು ಪುಸ್ತಕವನ್ನು ಇನ್ನಷ್ಟು ಒಳ್ಳೆಯದಾಗಿಸಿತು.

ಮಸಿಯ ಮಿತಿ ಮೀರಿದ್ದು ಕಾಡಿನ ನೆಲದ ಚಿತ್ರಗಳಲ್ಲಿ. ಯಾರೋ ಅವನ್ನು ಮೊದಲೇ ಆರ್ಟ್ ಪೇಪರ್‌ನ ಪ್ರೊಫೈಲ್‌ಗೆ ಪರಿವರ್ತಿಸಿಟ್ಟಿದ್ದರು. ನೆರಳುಗಳಲ್ಲಿ ನಾಲ್ಕು ಮಸಿಗಳ ಮೊತ್ತ ಶೇಕಡಾ 320 ದಾಟಿತ್ತು. ಲೇಪನವಿಲ್ಲದ ಕಾಗದದ ಮೇಲೆ ಅಷ್ಟು ಮಸಿ ಬೇಗ ಒಣಗುವುದಿಲ್ಲ, ಎದುರು ಹಾಳೆಗೆ ಅಂಟುತ್ತದೆ, ನೆರಳಿನೊಳಗಿನ ವಿವರ ಒಂದೇ ಕಪ್ಪಾಗುತ್ತದೆ. ಒಂದು ಸಿಎಂವೈಕೆ (ನಾಲ್ಕು ಮಸಿಗಳ) ಪ್ರೊಫೈಲ್‌ನಿಂದ ಇನ್ನೊಂದಕ್ಕೆ ತಿರುಗಿಸುವ ಬದಲು ಆರ್‌ಜಿಬಿ ಮೂಲಗಳಿಗೆ ಹಿಂದಿರುಗಿ, ನೆರಳುಗಳನ್ನು ಸ್ವಲ್ಪ ತಿಳಿಯಾಗಿಸಿ, ಸರಿಯಾದ ಪ್ರೊಫೈಲ್‌ಗೆ ಪರಿವರ್ತಿಸಿದೆವು. ಮೊತ್ತ 280ರ ಒಳಗೆ ಬಂತು.

ರೇಖಾಚಿತ್ರಗಳು ಮತ್ತು ನಕ್ಷೆಗಳು

ಈ ಕೈಪಿಡಿಯ ಜೀವಾಳ ರೇಖಾಚಿತ್ರಗಳು ಎಂದು ನನ್ನ ಅಭಿಪ್ರಾಯ. ಕೇಸರಗಳ ಜೋಡಣೆ, ಎಲೆಯಂಚಿನ ಹಲ್ಲುಗಳು ಛಾಯಾಚಿತ್ರದಲ್ಲಿ ಇಷ್ಟು ನಿಚ್ಚಳವಾಗಿ ಎಂದೂ ಬರುವುದಿಲ್ಲ. ಅವನ್ನು ಬೂದು ಛಾಯೆಯಲ್ಲಿ 300ಕ್ಕೆ ಸ್ಕ್ಯಾನ್ ಮಾಡಿ ಜೆಪೆಗ್ ಆಗಿ ಉಳಿಸಿದ್ದರು. ಎರಡು ಹಾನಿ. ಜೆಪೆಗ್ ತನ್ನ ಸಂಕೋಚನದಲ್ಲಿ ಗೆರೆಯ ಸುತ್ತ ಕೊಳಕು ಕಲೆಗಳನ್ನು ಬಿಡುತ್ತದೆ. ಬೂದು ಛಾಯೆಯ ಚಿತ್ರವನ್ನು ಮುದ್ರಣದಲ್ಲಿ ಚುಕ್ಕೆಗಳಾಗಿ ಒಡೆಯಲೇಬೇಕು. ಶಾಯಿ ಪೆನ್ನಿನ ಗೆರೆಯ ಅಂಚು ಚುಕ್ಕೆಗಳ ಗರಗಸವಾಗುತ್ತದೆ. ಇಂಥ ಚಿತ್ರ ಬರೀ ಕಪ್ಪು ಬಿಳುಪಿನ, ಒಂದು ಬಿಟ್‌ನ ಬಿಟ್‌ಮ್ಯಾಪ್ ಆಗಿ ಅಂಗುಲಕ್ಕೆ 1200 ಪಿಕ್ಸೆಲ್ ಇರಬೇಕು. ಆಗ ಸ್ಕ್ರೀನ್ ಚುಕ್ಕೆಯ ಗೋಜಿಲ್ಲದೆ ಗೆರೆ ಗೆರೆಯಾಗಿಯೇ ಪ್ಲೇಟಿಗೆ ಇಳಿಯುತ್ತದೆ. ಫೈಲ್ ದೊಡ್ಡದಾದೀತೆಂದು ಲೇಖಕರು ಹೆದರಿದ್ದರು. ಗ್ರೂಪ್ 4 ಎಂಬ ನಷ್ಟರಹಿತ ಸಂಕೋಚನ ಇಂಥ ಚಿತ್ರಗಳನ್ನು ಬಹಳ ಚಿಕ್ಕದಾಗಿಸುತ್ತದೆ. ಮೂಲ ಹಾಳೆಗಳು ಲೇಖಕರ ಬಳಿಯೇ ಜೋಪಾನವಾಗಿದ್ದವು, ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಕಪ್ಪು ಬಿಳುಪಿನ ಗಡಿಯನ್ನು ಎಲ್ಲಿಡಬೇಕೆಂಬುದನ್ನು ಪ್ರತಿ ಚಿತ್ರಕ್ಕೂ ಬೇರೆಯಾಗಿ ತೀರ್ಮಾನಿಸಬೇಕಾಯಿತು: ತುಸು ಹೆಚ್ಚಾದರೆ ನವಿರಾದ ಗೆರೆಗಳು ಊದಿಕೊಳ್ಳುತ್ತವೆ, ತುಸು ಕಡಿಮೆಯಾದರೆ ತುಂಡಾಗುತ್ತವೆ.

ನಕ್ಷೆಗಳಲ್ಲಿ ಗಡಿರೇಖೆಗಳ ದಪ್ಪ ಸೊನ್ನೆ ಎಂದಿತ್ತು. ಪಿಡಿಎಫ್‌ನ ನಿಯಮದಂತೆ ಸೊನ್ನೆ ದಪ್ಪದ ಗೆರೆ ಎಂದರೆ ಆಯಾ ಸಾಧನ ಎಳೆಯಬಲ್ಲ ಅತಿ ತೆಳುವಾದ ಗೆರೆ. ಪರದೆಯಲ್ಲಿ ಅದು ಒಂದು ಪಿಕ್ಸೆಲ್, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಅಂಗುಲಕ್ಕೆ 2400 ಚುಕ್ಕೆಗಳ ಪ್ಲೇಟ್ ಯಂತ್ರದಲ್ಲಿ ಅದು ಮಿಲಿಮೀಟರಿನ ನೂರನೆಯ ಒಂದು ಭಾಗ; ಅಚ್ಚಿನಲ್ಲಿ ಉಳಿಯುವುದೇ ಇಲ್ಲ. ಎಲ್ಲ ಗೆರೆಗಳನ್ನೂ ಕನಿಷ್ಠ 0.25 ಪಾಯಿಂಟ್‌ಗೆ ಏರಿಸಿದೆವು, ಬಣ್ಣದ ಹಿನ್ನೆಲೆಯಲ್ಲಿ ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು 0.5ಕ್ಕೆ.

ಮುಖಪುಟ

ಮುಖಪುಟವನ್ನು ಬೇರೊಬ್ಬ ಕಲಾವಿದರು ರಚಿಸಿದ್ದರು. ಬೆನ್ನಿನ ಅಗಲವನ್ನು ಅಂದಾಜಿನ ಮೇಲೆ 9 ಮಿ.ಮೀ. ಎಂದು ಹಿಡಿದಿದ್ದರು. 192 ಪುಟಗಳೆಂದರೆ 96 ಹಾಳೆ; ಹಾಳೆಗೆ 125 ಮೈಕ್ರಾನ್‌ನಂತೆ 12 ಮಿ.ಮೀ. ಆಗುತ್ತದೆ. ಹಾಗೆಯೇ ಬಿಟ್ಟಿದ್ದರೆ ಬೆನ್ನಿನ ಬರಹ ಒಂದು ಪಕ್ಕಕ್ಕೆ ಸರಿದು, ಮುಂಬದಿಯ ಚಿತ್ರ ಮಡಿಕೆಯೊಳಗೆ ನುಗ್ಗುತ್ತಿತ್ತು. ಹೊಸ ಅಳತೆ ಹಿಂಬದಿ, ಬೆನ್ನು, ಮುಂಬದಿ ಸೇರಿ 292 ಮಿ.ಮೀ., ಸುತ್ತ 3 ಮಿ.ಮೀ. ಬ್ಲೀಡ್ ಕೂಡಿ 298 ಮತ್ತು 216. ಮಡಿಕೆ ಒಂದಿಷ್ಟು ಆಚೀಚೆ ಆಗುವುದು ಸಹಜವಾದ್ದರಿಂದ ಬೆನ್ನಿಗೆ ಬೇರೆ ಬಣ್ಣದ ಪಟ್ಟಿ ಬೇಡವೆಂದು ಹೇಳಿ, ಹಿನ್ನೆಲೆಯ ಕಪ್ಪನ್ನೇ ಮೂರೂ ಭಾಗಕ್ಕೆ ಹರಡಿದೆವು.

ಆ ಕಪ್ಪು ಬರೀ ಕಪ್ಪು ಮಸಿಯಾಗಿದ್ದರೆ ದೊಡ್ಡ ಹರವಿನಲ್ಲಿ ಬೂದಿಯಂತೆ ಕಾಣುತ್ತದೆ. ಅಕ್ಷರಕ್ಕೆ ವಿಷವಾದ ನಾಲ್ಕು ಬಣ್ಣದ ಕಪ್ಪು ಇಲ್ಲಿ ಬೇಕೇ ಬೇಕು: ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100. ಒಟ್ಟು 240, ಮಿತಿಯೊಳಗೆ. ಹಿಂಬದಿಯ ಐಎಸ್‌ಬಿಎನ್ ಬಾರ್‌ಕೋಡ್‌ಗೆ ಮತ್ತೆ ಬಿಳಿಯ ಮೇಲೆ ಬರೀ ಕಪ್ಪು ಮಸಿ. ಅದನ್ನು ಮೂಲ ಅಳತೆಯ ಶೇಕಡಾ 80ಕ್ಕಿಂತ ಕಿರಿದಾಗಿಸಬಾರದು. ಕಲಾವಿದರು ಅಂದಕ್ಕಾಗಿ ಅರ್ಧಕ್ಕೆ ಇಳಿಸಿದ್ದುದನ್ನು ಮರಳಿ ಹಿಗ್ಗಿಸಬೇಕಾಯಿತು.

ಮುಖಪುಟದಲ್ಲಿ ಇನ್ನೊಂದು ಅಪಾಯ ಅಡಗಿತ್ತು, ಮುದ್ರಣಾಲಯದ ವರದಿಯಲ್ಲೂ ಅದು ಇರಲಿಲ್ಲ. ಕೆಳಮೂಲೆಯ ಪುಟ್ಟ ಎಲೆಯ ಗುರುತು ಮೊದಲು ಕಪ್ಪಾಗಿದ್ದು ಆಮೇಲೆ ಬಿಳಿಯಾಗಿ ಬದಲಾಗಿತ್ತು. ಕಪ್ಪಾಗಿದ್ದಾಗ ಹಾಕಿದ ಓವರ್‌ಪ್ರಿಂಟ್ ಸೂಚನೆ ಹಾಗೆಯೇ ಉಳಿದಿತ್ತು. ಬಿಳಿಗೆ ಮಸಿಯಿಲ್ಲ, ಮಸಿಯಿಲ್ಲದ್ದನ್ನು ಕೆಳಗಿನ ಬಣ್ಣದ ಮೇಲೆ ಅಚ್ಚು ಹಾಕು ಎಂದರೆ ಏನೂ ಅಚ್ಚಾಗುವುದಿಲ್ಲ. ಸಾಮಾನ್ಯ ವೀಕ್ಷಕದಲ್ಲಿ ಗುರುತು ಸೊಗಸಾಗಿ ಕಾಣುತ್ತಿತ್ತು. ಆಕ್ರೋಬ್ಯಾಟ್ ಎಂಬ ಪಿಡಿಎಫ್ ತಂತ್ರಾಂಶದಲ್ಲಿ ಓವರ್‌ಪ್ರಿಂಟ್ ಅನುಕರಣೆ ತೆರೆದ ಕೂಡಲೇ ಮಾಯವಾಯಿತು. ವಾರ್ನಿಷ್‌ನದು ಇದಕ್ಕೆ ತೀರಾ ವಿರುದ್ಧ. ಅದನ್ನು ಪ್ರತ್ಯೇಕ ಸ್ಪಾಟ್ ಬಣ್ಣವಾಗಿ (ನಾಲ್ಕು ಮಸಿಗಳ ಹೊರತಾದ ಬಣ್ಣವಾಗಿ), ಶೀರ್ಷಿಕೆಯ ಅಕ್ಷರಗಳ ಮೇಲೆ ವೆಕ್ಟರ್ ರೂಪದಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲದ ರೇಖೆಗಳಾಗಿ, ಇಟ್ಟು, ಓವರ್‌ಪ್ರಿಂಟ್ ಕಡ್ಡಾಯವಾಗಿ ಹಾಕಬೇಕು. ಇಲ್ಲದಿದ್ದರೆ ಅದು ತನ್ನ ಕೆಳಗಿನ ಬಣ್ಣವನ್ನು ಕೊರೆದು ತೆಗೆಯುತ್ತದೆ.

ಎಕ್ಸ್‌ಪೋರ್ಟ್ ಮತ್ತು ತಪಾಸಣೆ

ಪಿಡಿಎಫ್/ಎಕ್ಸ್ ಎಂಬುದು ಐಎಸ್‌ಒ 15930 ಮಾನಕದ ಕುಟುಂಬ. ಹಳೆಯ ಎಕ್ಸ್-1ಎ ಪಾರದರ್ಶಕತೆಯನ್ನು ಒಪ್ಪುವುದಿಲ್ಲ, ಪಾರದರ್ಶಕವಾದುದನ್ನೆಲ್ಲ ಕೆಳಗಿನದರೊಂದಿಗೆ ಬೆಸೆದು ಮೊದಲೇ ಸಪಾಟು ಮಾಡಬೇಕು. ಈ ಪುಸ್ತಕದಲ್ಲಿ ಹಿನ್ನೆಲೆ ತೆಗೆದ ಎಲೆಗಳ ಕೆಳಗೆ ಮೆತ್ತನೆಯ ನೆರಳುಗಳಿದ್ದವು. ಸಪಾಟು ಮಾಡುವಾಗ ನೆರಳಿಗೆ ತಾಗಿದ ಅಕ್ಷರಗಳು ಚಿತ್ರವಾಗಿಯೋ ರೇಖೆಯಾಗಿಯೋ ಬದಲಾಗಿ ಪಕ್ಕದ ಅಕ್ಷರಗಳಿಗಿಂತ ದಪ್ಪ ಕಾಣುವ ಸಂಭವವಿತ್ತು. 2008ರಲ್ಲಿ ಬಂದ ಎಕ್ಸ್-4 ಪಾರದರ್ಶಕತೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಮುದ್ರಣಾಲಯ ಒಪ್ಪಿದ್ದರಿಂದ ಅದನ್ನೇ ಬಳಸಿದೆವು, ಪಠ್ಯವನ್ನು ಹೇಗೂ ಎಲ್ಲಕ್ಕಿಂತ ಮೇಲಿನ ಪದರದಲ್ಲಿಟ್ಟೆವು. ಪುಟಗಳನ್ನು ಜೋಡಿಯಾಗಿ ಕೊಡದೆ ಒಂದೊಂದಾಗಿ ಕೊಟ್ಟೆವು. ಫಾರಂಗೆ ತಕ್ಕಂತೆ ಹೊಂದಿಸುವುದು ಮುದ್ರಣಾಲಯದ ಕೆಲಸ. ಕತ್ತರಿಸುವ ಗುರುತುಗಳು ಬ್ಲೀಡ್‌ನೊಳಗೆ ಇಣುಕದಂತೆ 3 ಮಿ.ಮೀ. ದೂರಕ್ಕೆ ಸರಿಸಿದೆವು.

ಸಿದ್ಧವಾದ ಫೈಲನ್ನು ಪರೀಕ್ಷಿಸಲು ಆಕ್ರೋಬ್ಯಾಟ್‌ನಲ್ಲಿ ತಾನಾಗಿ ದೋಷ ಹುಡುಕುವ ಪ್ರಿಫ್ಲೈಟ್ ಓಡಿಸುವುದು ಸರಿಯೇ. ಅದಕ್ಕಿಂತ ಹೆಚ್ಚಾಗಿ ನಾನು ನೆಚ್ಚುವುದು ಪ್ಲೇಟುಗಳನ್ನು ಬೇರೆಬೇರೆಯಾಗಿ ತೋರಿಸುವ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಪ್ಲೇಟನ್ನು ಮರೆಮಾಡಿ ಪುಟಗಳನ್ನು ಒಂದೊಂದಾಗಿ ತಿರುವುವುದನ್ನು. ಪಠ್ಯವೆಲ್ಲ ಒಮ್ಮೆಗೇ ಮಾಯವಾಗಬೇಕು. ಎಲ್ಲಾದರೂ ಅಕ್ಷರದ ನೆರಳು ಉಳಿದರೆ ಅಲ್ಲಿ ಬೇರೆ ಬಣ್ಣ ಸೇರಿದೆ ಎಂದರ್ಥ. ಹೀಗೆಯೇ ಎರಡು ನಕ್ಷೆಗಳ ವಿವರಣಾ ಪಟ್ಟಿಯಲ್ಲಿ ಹಳೆಯ ಆರ್‌ಜಿಬಿ ಕಪ್ಪು ಅಡಗಿದ್ದುದು ಸಿಕ್ಕಿಬಿತ್ತು. ಆಕ್ರೋಬ್ಯಾಟ್ ಇಲ್ಲದವರು ಪಾಪ್ಲರ್ ಎಂಬ ಮುಕ್ತ ತಂತ್ರಾಂಶದ ಉಪಕರಣಗಳಿಂದ ಫಾಂಟ್‌ಗಳು ಅಡಕವಾಗಿವೆಯೇ, ಪ್ರತಿ ಚಿತ್ರಕ್ಕೆ ನಿಜವಾಗಿ ಅಂಗುಲಕ್ಕೆ ಎಷ್ಟು ಪಿಕ್ಸೆಲ್ ದಕ್ಕಿದೆ ಎಂಬುದನ್ನು ಪಟ್ಟಿ ಮಾಡಿ ನೋಡಬಹುದು.

ಪರದೆ ಹೇಳಲಾರದ್ದನ್ನು ತಿಳಿಯಲು, ಆಯ್ದ ಕೆಲವು ಪುಟಗಳ ಬಣ್ಣದ ಕರಡನ್ನು ಅಂಥ ಕರಡುಗಳ ಮಾನಕವಾದ ಐಎಸ್‌ಒ 12647-7ಕ್ಕೆ ಅನುಗುಣವಾಗಿ ಮಾಡಿಸಿಕೊಂಡೆವು. ಕಷ್ಟದ ಪುಟಗಳನ್ನೇ ಆರಿಸಿದೆವು: ಅತಿ ಕತ್ತಲಿನ ಕಾಡು, ಅತಿ ಹಸಿರಿನ ಜರೀಗಿಡ, ನೇರಳೆ ಹೂ, ಮುಖಪುಟ. ಮುಖಪುಟದಲ್ಲಿದ್ದ ಚಿತ್ರವೇ ಒಳಗೂ ಇತ್ತು; ಎರಡೂ ಪಕ್ಕಪಕ್ಕದಲ್ಲಿ ಬಂದಾಗ ಕಾಗದದ ವ್ಯತ್ಯಾಸ ಎದ್ದು ಕಂಡಿತು. ಒಳಗಿನದನ್ನು ಕೈಬಿಟ್ಟು ಅದೇ ಗಿಡದ ಬೇರೆ ಚಿತ್ರ ಹಾಕಿದೆವು.

ಕೊನೆಯ ತಿದ್ದುಪಡಿ

ಪ್ಲೇಟ್ ಮಾಡುವ ಮುನ್ನ ಲೇಖಕರಿಗೆ ಒಂದು ಊರಿನ ಹೆಸರಿನಲ್ಲಿ ಒತ್ತಕ್ಷರ ತಪ್ಪಿದ್ದು ಕಂಡಿತು. ಪಿಡಿಎಫ್‌ನಲ್ಲೇ ಒಂದಕ್ಷರ ತಿದ್ದಿಬಿಡೋಣ ಎಂದು ಮುದ್ರಣಾಲಯದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಪಿಡಿಎಫ್‌ನಲ್ಲಿ ಅಕ್ಷರಗಳು ಬರಹವಾಗಿ ಇರುವುದಿಲ್ಲ, ಜೋಡಣೆ ಮುಗಿದ ಅಕ್ಷರರೂಪಗಳು ಅವುಗಳ ಜಾಗದೊಂದಿಗೆ ಇರುತ್ತವೆ. ಫಾಂಟ್‌ನಲ್ಲೂ ಪುಸ್ತಕದಲ್ಲಿ ಬಳಕೆಯಾದ ರೂಪಗಳಷ್ಟೇ ಅಡಕವಾಗಿರುತ್ತವೆ. ಹೊಸ ಒತ್ತಕ್ಷರ ಆ ಗುಂಪಿನಲ್ಲಿ ಇಲ್ಲದೆ ಹೋದರೆ ತಿದ್ದುವ ತಂತ್ರಾಂಶ ಬೇರೆ ಫಾಂಟ್ ತಂದು ಕೂರಿಸುತ್ತದೆ, ಅಥವಾ ಒತ್ತನ್ನು ಬಿಡಿಸಿ ಪಕ್ಕಕ್ಕೆ ಇಡುತ್ತದೆ. ಮೂಲದಲ್ಲಿ ತಿದ್ದಿ, ಆ ಸಾಲಿನ ನಂತರ ಪ್ಯಾರಾ ಕದಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಒಂದು ಪುಟವನ್ನು ಅದೇ ಸಿದ್ಧತೆಗಳಲ್ಲಿ ಹೊರತೆಗೆದು, ಹೆಸರಿನಲ್ಲಿ ಪುಟಸಂಖ್ಯೆ ಮತ್ತು ಆವೃತ್ತಿ ಬರೆದು ಕಳುಹಿಸಿದೆವು. ಪ್ಲೇಟಿಗೆ ಹೋಗುವ ಅಂತಿಮ ರೂಪವನ್ನು ಮುದ್ರಣಾಲಯ ಮರಳಿ ಕಳುಹಿಸಿದಾಗ ಮೊದಲು ನೋಡಿದ್ದು ಅದೇ ಪುಟವನ್ನು.

ಪುಸ್ತಕ ಅಚ್ಚಾಗಿ ಬಂದಿದೆ. ರೇಖಾಚಿತ್ರಗಳು ನಿರೀಕ್ಷೆಗಿಂತ ಚೆನ್ನಾಗಿವೆ. ಭೂತಗನ್ನಡಿ ಹಿಡಿದರೂ ಗೆರೆ ಒಡೆದಿಲ್ಲ. ಪಠ್ಯ ನಿಚ್ಚಳವಾಗಿದೆ, ನಕ್ಷೆಯ ಗಡಿಗಳು ಉಳಿದಿವೆ. ಜರೀಗಿಡಗಳ ಪುಟಗಳಲ್ಲಿ ನಡುಛಾಯೆಗಳು ಕರಡಿನಲ್ಲಿ ಕಂಡದ್ದಕ್ಕಿಂತ ತುಸು ಭಾರವಾಗಿ ಬಂದಿವೆ, ಕತ್ತಲ ಕಾಡಿನ ಒಂದು ಚಿತ್ರ ಲೇಖಕರಿಗೆ ಈಗಲೂ ಸಮಾಧಾನ ತಂದಿಲ್ಲ. ಮರುಮುದ್ರಣಕ್ಕಾಗಿ ಆ ಚಿತ್ರಗಳ ಆರ್‌ಜಿಬಿ ಮೂಲಗಳ ಪಕ್ಕದಲ್ಲೇ ನಡುಛಾಯೆಯನ್ನು ಎಷ್ಟು ತಿಳಿಯಾಗಿಸಬೇಕೆಂಬ ಟಿಪ್ಪಣಿ ಬರೆದು, ಜೋಡಣೆಯ ಮೂಲ, ಫಾಂಟ್‌ಗಳು, ಪ್ರೊಫೈಲ್‌ಗಳು, ಮುದ್ರಣಾಲಯದ ಉತ್ತರಗಳು, ಅಂತಿಮ ಪಿಡಿಎಫ್ ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಲೇಖಕರಿಗೆ ಒಪ್ಪಿಸಿದ್ದೇನೆ. ಮುಂದಿನ ಬಾರಿ ಕಾಗದ ಬದಲಾದರೆ ಬೆನ್ನಿನ ಅಗಲ, ಪ್ರೊಫೈಲ್ ಮತ್ತು ಮಸಿಯ ಮಿತಿ ಮೂರನ್ನೂ ಮತ್ತೆ ಕೇಳಿ ಪಡೆಯಬೇಕೆಂದು ಅದರ ಮೊದಲ ಪುಟದಲ್ಲಿ ಬರೆದಿದೆ.